ನಾನು ಕತ್ತರಿಸಿದ ಹಾಡು

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟು ಟೆಂಟ್ ಸಿನಿಮಾದ ಲಾರಿ ಹತ್ತಿದೆ. ಆಮೇಲೆ ಎಲ್ಲೂ ನೆಲೆ ನಿಂತವನಲ್ಲ. ಈ ವರ್ಷ ಚೆನ್ನೈಯ ಪೆರುಂಗುಡಿಯಲ್ಲಿ, ಕನ್ನಡಿಗರ ಸಿನಿಮಾ ಕೂಟವೊಂದರಲ್ಲಿ ಪ್ರೊಜೆಕ್ಟರ್ ನಡೆಸುವ ಕೆಲಸ ಸಿಕ್ಕಿತ್ತು.

ಮೊನ್ನೆ ಅಲ್ಲಿ ಹಳೆಯದೊಂದು ಮೇರುಚಿತ್ರ ತೋರಿಸಿದೆವು. ಅದರಲ್ಲಿ ಮದುಮಗಳು ಹೊಸಿಲು ದಾಟುತ್ತಾಳೆ. ಮರುಕ್ಷಣವೇ ತಲೆ ನರೆತು ಹೊಳೆ ದಂಡೆಯಲ್ಲಿ ನಿಂತಿರುತ್ತಾಳೆ. ಉಪನ್ಯಾಸಕ್ಕೆ ಬಂದ ವಿಮರ್ಶಕರು ಆ ಜಿಗಿತವನ್ನೇ ಮುಕ್ಕಾಲು ಗಂಟೆ ಹೊಗಳಿದರು. "ಇವತ್ತಿನ ನಿರ್ದೇಶಕರೆಲ್ಲ ಇಲ್ಲಿಂದಲೇ ಕಲಿತದ್ದು," ಅಂದರು.

ಪ್ರಶ್ನೆ ಕೇಳಿ ಅಂತ ಮೈಕ್ ಸುತ್ತುತ್ತಿತ್ತು. ನಾನು ಸುಮ್ಮನಿರಬೇಕಿತ್ತು.

"ಸಾರ್, ನಡುವೆ ಒಂದು ಹಾಡಿತ್ತು. ಇದು ನಮ್ಮ ಟೆಂಟಿನದೇ ಕಾಪಿ. ಎರಡನೇ ಆಟ ಬೇಗ ಮುಗಿಯಲಿ ಅಂತ ನಾನೇ ಕತ್ತರಿಸಿ ಅಂಟಿಸಿದ್ದೆ. ನನ್ನ ಬ್ಲೇಡಿನ ಓರೆ ಗೆರೆ ಪರದೆ ಮೇಲೆ ಈಗಲೂ ಕಾಣುತ್ತೆ."

ವಿಮರ್ಶಕರು ನೀರು ಕುಡಿದರು. "ಕತ್ತರಿ ಯಾರದಾದರೇನು, ಪ್ರಭಾವ ಪ್ರಭಾವವೇ."

"ವಿಡುಂಗ ಸಾರ್, ಬಿಟ್ಬಿಡಿ, ಅವರು ಬರೀ ಮೆಷಿನ್ ನಡೆಸೋರು," ಅಂದರು ಕೂಟದ ಕಾರ್ಯದರ್ಶಿ ಮೇಡಂ. ನನ್ನ ಕಡೆ ತಿರುಗಿ, "ನಾಳೆಯಿಂದ ನೀವು ಬರೋದು ಬೇಡ ಕಣ್ರೀ."

ಈಗ ಚೀಲ ತುಂಬುತ್ತಿದ್ದೇನೆ. ಆ ಹಾಡು ತೀರಾ ಕೆಟ್ಟದಾಗಿತ್ತು, ಹೋದದ್ದೇ ಚಿತ್ರಕ್ಕೆ ಒಳ್ಳೆಯದಾಯ್ತು ಅಂತ ವಿಮರ್ಶಕರ ಪರವಾಗಿಯೇ ಹೇಳುವವನಿದ್ದೆ. ಅಷ್ಟರಲ್ಲಿ ಮೈಕ್ ಕಿತ್ತುಕೊಂಡರು.