ಹಚ್ಚೆ ಮಿಷನ್ನಿನ ತಿಪ್ಪೇಸ್ವಾಮಣ್ಣ

ಹೊಸದುರ್ಗದ ತಿಪ್ಪೇಸ್ವಾಮಣ್ಣನವರ ಮನೆಯಲ್ಲಿ ಅವರ ಹೆಸರು ಕೆತ್ತಿಸಿಕೊಳ್ಳದೆ ಉಳಿದವರೆಂದರೆ ಅವರ ಹೆಂಡತಿ ರುದ್ರಮ್ಮ ಒಬ್ಬರೇ. ಲಟ್ಟಣಿಗೆ, ಈಳಿಗೆಮಣೆ, ಬಾಗಿಲ ಚಿಲಕ, ಕೊನೆಗೆ ನಾಯಿ ಉಣ್ಣುವ ತಟ್ಟೆಯ ಮೇಲೂ ‘ತಿಪ್ಪೇಸ್ವಾಮಿ, ಹೊಸದುರ್ಗ’ ಎಂದು ದುಂಡಗೆ ಕೆತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ರಿಪೇರಿ ಅಂಗಡಿ. ಮಿಕ್ಸಿ, ಪಂಪು, ಕುರಿಯ ಉಣ್ಣೆ ಕತ್ತರಿಸುವ ಮಿಷನ್ನು, ಏನು ಕೊಟ್ಟರೂ ಸರಿಮಾಡಿ, ಹೆಸರು ಕೆತ್ತಿಯೇ ವಾಪಸ್ ಕೊಡುತ್ತಿದ್ದರು. “ಕೆಲ್ಸ ಯಾರ್ದು ಅಂತ ನಾಕು ಜನಕ್ಕೆ ಗೊತ್ತಾಗ್ಬೇಕಲ್ಲಪ್ಪ” ಎನ್ನುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಮೂರು ಕಾಲಿನ ಟಗರಿನ ದೆಸೆಯಿಂದ. ಚಿತ್ರದುರ್ಗದಲ್ಲಿ ನನ್ನದೊಂದು ಟ್ಯಾಟೂ ಅಂಗಡಿ. ಕುರಿ ಸಾಕುವ ಕರಿಯಣ್ಣನ ತೋಳಿನ ಮೇಲೆ ಅವನ ಮೆಚ್ಚಿನ ಟಗರನ್ನು ಬರೆಯುತ್ತಿದ್ದೆ. ಆನ್‌ಲೈನಿನಲ್ಲಿ ತರಿಸಿದ್ದ, ಮೋಟಾರಿನಿಂದ ಸೂಜಿ ಓಡಿಸುವ ಹಚ್ಚೆ ಮಿಷನ್ನು ಮೂರನೇ ಕಾಲು ಮುಗಿಯುತ್ತಲೇ ನಿಂತುಹೋಯಿತು. ಬಿಚ್ಚಿ ನೋಡಿದರೆ ಶಾಯಿ ಸೂಜಿಯ ದಾರಿಯಲ್ಲೇ ಮೇಲೇರಿ ಮೋಟಾರಿನೊಳಗೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಯಾರ ಯಾರ ರಕ್ತ ಬೆರೆತಿತ್ತೋ, ಯಾರ ಕಾಯಿಲೆ ಯಾರಿಗೆ ಅಂಟುವುದಿತ್ತೋ.

“ಕುಂಟ ಟಗರು ಹಾಕ್ಕಂಡು ಹಟ್ಟಿಗೆ ಹೆಂಗ್ ಹೋಗ್ಲಿ ಸಾರ್?” ಎಂದ ಕರಿಯಣ್ಣ. ಆ ಬಿರುಬೇಸಗೆಯಲ್ಲೂ ಅವನು ತುಂಬುತೋಳಿನ ಅಂಗಿ ತೊಟ್ಟು ತಿರುಗಿದ. ನನ್ನದು ‘ಕುಂಟ ಟಗರಿನ ಅಂಗಡಿ’ಯಾಯಿತು. ಒಳ್ಳೆಯ ಮಿಷನ್ನು ಸಿಗದಿದ್ದರೆ ಬಾಗಿಲು ಹಾಕುವುದೊಂದೇ ಬಾಕಿ.

ತಿಪ್ಪೇಸ್ವಾಮಣ್ಣ ಮಿಷನ್ನನ್ನು ಮೂಸಿ ನೋಡಿದರು. “ಇದನ್ನ ಮಾಡ್ದೋನು ಜಲ್ಮದಾಗೆ ಒಂದು ಲೋಟ ತೊಳ್ದಿಲ್ಲ. ತೊಳೆಯೋರ ಕೈ ನೋಡಿ ಮಿಷನ್ ಮಾಡ್ಬೇಕು” ಎಂದು, ಹೊಸದೊಂದನ್ನು ತಾವೇ ಮಾಡಿಕೊಡಲು ಒಪ್ಪಿದರು. ಅವರ ಮನೆಯ ಲೋಟಗಳನ್ನೂ ರುದ್ರಮ್ಮನೇ ತೊಳೆಯುತ್ತಿದ್ದರು ಎಂಬುದು ಬೇರೆ ಮಾತು.

ಹೊಸದಾಗಿ ಏನು ಮಾಡಿದರೂ ಅದು ರುದ್ರಮ್ಮನವರ ಪರೀಕ್ಷೆ ದಾಟಬೇಕಿತ್ತು. ಅವರು ಒಳಗೆಲ್ಲ ಅರಿಶಿನದ ನೀರು ಹಾಯಿಸಿ, ಯಾರನ್ನೂ ಕೇಳದೆ ಬಿಚ್ಚಿ, ತೊಳೆದು, ಬಿಳಿ ಬಟ್ಟೆಯಿಂದ ಒರೆಸುವರು. ಬಟ್ಟೆ ಹಳದಿಯಾದರೆ ಮಿಷನ್ನು ಫೇಲು.

ಮೊದಲ ಮಿಷನ್ನಿಗೆ ಹನ್ನೊಂದು ಸ್ಕ್ರೂ. “ಇದನ್ನ ಬಿಚ್ಚಾದ್ರೊಳಗೆ ಒಲೆ ಮೇಲೆ ಅನ್ನ ಸೀದೋತು” ಎಂದು ರುದ್ರಮ್ಮ ಸ್ಕ್ರೂಗಳನ್ನು ಬಟ್ಟಲಲ್ಲಿ ತಂದು ಗಂಡನ ಮುಂದಿಟ್ಟರು. ಎರಡನೆಯದಕ್ಕೆ ಒಂದೇ ಸ್ಕ್ರೂ, ಹೆಬ್ಬೆರಳಿನಿಂದ ತಿರುಗಿಸುವಂಥದ್ದು. ತಿರುಗಿಸಿದರೆ ಮೋಟಾರು ಪೂರ್ತಿ ಬೇರೆಯಾಗುತ್ತಿತ್ತು. ಶಾಯಿ ಮೇಲೇರದಂತೆ ನಡುವೆ ರಬ್ಬರಿನ ಮುಚ್ಚಳ. ಕೆಳಗಿನದೆಲ್ಲ ಮೂಲೆಮುಡುಕಿಲ್ಲದ ಸ್ಟೀಲು, ಕುದಿಯುವ ನೀರಿಗೂ ಜಗ್ಗದು. ಚರ್ಮದ ಬದಲು ಬದನೆಕಾಯಿಯ ಮೇಲೆ ಮೂರು ಗಂಟೆ ಓಡಿಸಿದರೂ ಬಿಸಿಯಾಗಲಿಲ್ಲ. ಆ ಬದನೆಕಾಯಿಯನ್ನು ಪಲ್ಯಕ್ಕೆ ಹಾಕಲು ಮಾತ್ರ ರುದ್ರಮ್ಮ ಒಪ್ಪಲಿಲ್ಲ.

ಆದರೂ ಬಟ್ಟೆ ಹಳದಿಯಾಯಿತು. ಎಲ್ಲಿಂದ ಎಂದು ಹುಡುಕಿದರೆ, ಸೂಜಿಯ ಪಕ್ಕದಲ್ಲೇ ದುಂಡಗೆ ಕೆತ್ತಿದ್ದ ಅಕ್ಷರಗಳಿಂದ.

“ನಿಮ್ಮ ಹೆಸ್ರಾಗೇ ಕೊಳೆ ಕುಂತೈತೆ ನೋಡ್ರಿ” ಎಂದರು ರುದ್ರಮ್ಮ.

ತಿಪ್ಪೇಸ್ವಾಮಣ್ಣನ ಮುಖ ಸಪ್ಪಗಾಯಿತು. ಸಣ್ಣಗೆ ಕೆತ್ತಿದರು, ಅದರಲ್ಲೂ ಅರಿಶಿನ ನಿಂತಿತು. ಸ್ಟಿಕರ್ ಅಂಟಿಸಿದರು, ಕುದಿಯುವ ನೀರಿನಲ್ಲಿ ಅದು ಕಿತ್ತುಬಂತು. ಮೋಟಾರಿನ ಮೇಲೆ ಕೆತ್ತೋಣವೆಂದರೆ ಅಲ್ಲಿಗೂ ಶಾಯಿ ಮೆತ್ತಿದ ಕೈ ತಾಗುತ್ತಿತ್ತು. ಮೂರು ದಿನ ಮಿಷನ್ನಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ನನ್ನ ಎದುರಿಗೇ ಅರ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಕೂತು ಹೆಸರನ್ನು ಉಜ್ಜಿ ಅಳಿಸತೊಡಗಿದರು. ನನಗೆ ಅಯ್ಯೋ ಎನಿಸಿತು, ಇರಲಿ ಬಿಡಿ ಎಂದೆ.

“ನನ್ನ ಹೆಸ್ರಿಂದ ಇನ್ನೊಬ್ರಿಗೆ ಕಾಯ್ಲೆ ಬಂದ್ರೆ, ಆ ಹೆಸ್ರು ಕಟ್ಕಂಡು ಏನ್ ಮಾಡಾಣಪ್ಪ” ಎಂದರು.

ಬಟ್ಟೆ ಬೆಳ್ಳಗೆ ಬಂತು. ರುದ್ರಮ್ಮ “ಹ್ಞೂಂ, ಆಗ್ಲಿ” ಎಂದರು. ಅವರ ಬಾಯಿಂದ ಅಷ್ಟು ಬರುವುದೇ ಹೆಚ್ಚು. ಕರಿಯಣ್ಣನ ಟಗರಿಗೆ ನಾಲ್ಕನೇ ಕಾಲು ಬಂತು. ಅವನು ಚಳಿಗಾಲವಿಡೀ ತೋಳಿಲ್ಲದ ಬನಿಯನ್ನಿನಲ್ಲೇ ತಿರುಗಿದ.

ಹೋದ ವರ್ಷ ತಿಪ್ಪೇಸ್ವಾಮಣ್ಣ ನನ್ನ ಅಂಗಡಿಗೆ ಬಂದಿದ್ದರು. ತೊಳೆದಿಟ್ಟಿದ್ದ ಮಿಷನ್ನನ್ನು ಕೈಗೆತ್ತಿಕೊಂಡು, ಉಜ್ಜಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು.

“ಚೆನ್ನಾಗೈತೆ. ಆದ್ರೂ ಒಂಚೂರು ಹೊಟ್ಟೆ ಉರೀತೈತೆ ಕಣಪ್ಪ” ಎಂದು ನಕ್ಕು ಬಸ್ಸು ಹಿಡಿದರು. ಎರಡು ತಿಂಗಳಿಗೆ ಅವರು ತೀರಿಹೋದ ಸುದ್ದಿ ಬಂತು.

ಯಾವ ಕಂಪನಿ ಮಿಷನ್ನು ಎಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ತೋರಿಸಲು ಅದರ ಮೇಲೆ ಏನೂ ಇಲ್ಲ. ಸೂಜಿ ನಿಲ್ಲಿಸಿ, ಹೊಸದುರ್ಗದ ತಿಪ್ಪೇಸ್ವಾಮಣ್ಣ ಮಾಡಿದ್ದು ಎಂದು ಪ್ರತಿ ಸಲವೂ ಬಾಯಿಬಿಟ್ಟು ಹೇಳುತ್ತೇನೆ.