ಅಂಜಿಕೆ ಕಟ್ಟಿಕೊಂಡು ಜಲನಗರಕ್ಕೆ

ಜಲನಗರದ ಬಾಡಿಗೆ ಮನೆಗೆ ಬಂದ ಮೊದಲನೇ ದಿನವೇ ನನ್ನ ಮಗಳು ಒಂದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದಳು. ತಂದವಳು ಅದನ್ನು ನಾವು ಮಲಗುವ ಖೋಲಿಯಲ್ಲಿ, ಹಾಸಿಗೆಯ ಪಕ್ಕ, ಗೋಡೆಗೆ ಆನಿಸಿ ನಿಲ್ಲಿಸಿದಳು. ನಿಡೋಣಿಯಲ್ಲಿ ಮಳೆ ಹೆಚ್ಚಾದಾಗ ಎಮ್ಮೆಯ ಕರುವನ್ನು ಪಡಸಾಲೆಯಲ್ಲಿ ಕಟ್ಟಿದ್ದುಂಟು, ಸೈಕಲ್ಲಿನ ಪಕ್ಕ ಮಲಗಿದ್ದು ನನಗೆ ಗೊತ್ತಿರಲಿಲ್ಲ. ಎತ್ತಿ ನೋಡಿದೆ, ಒಂದೇ ಕೈಯಲ್ಲಿ ಬಂತು. ಹ್ಯಾಂಡಲ್ ಹಿಡಿದೆ, ಬೆರಳಿಗೆ ಏನೂ ಸಿಗಲಿಲ್ಲ. ಮುಂದಿನ ಗಾಲಿ ನೋಡಿದೆ, ಹಿಂದಿನ ಗಾಲಿ ನೋಡಿದೆ. ಬ್ರೇಕ್ ಎಲ್ಲಿ ಅಂತ ಕೇಳಿದರೆ, ಇದಕ್ಕ ಇರೂದಿಲ್ಲ ಬೇ ಅಂದಳು. ಮುರಿದು ಹೋಗಿದೆಯೇನು ಅಂದೆ. ಇಲ್ಲ, ಮಾಡುವಾಗಲೇ ಹಚ್ಚಿಲ್ಲ ಅಂದಳು. ಊರು ಬಿಟ್ಟು ಬಂದ ಅಳು ಇನ್ನೂ ಆರಿರಲಿಲ್ಲ, ಅದರ ಮೇಲೆ ಇದೊಂದು.

ಭಾಗಿ ಅಂದರೆ ಭಾಗ್ಯಶ್ರೀ, ನನ್ನ ಒಬ್ಬಳೇ ಮಗಳು, ಈಗ ಹದಿನಾರು. ಹೈಸ್ಕೂಲಿಗೆ ನಿಡೋಣಿಯಿಂದ ಬಬಲೇಶ್ವರಕ್ಕೆ ಸೈಕಲ್ ಮೇಲೆ ಹೋಗಿ ಬರುತ್ತಿದ್ದಳು. ಸಾಲಿಯ ಆಟದ ಮಾಸ್ತರರು ಒಂದು ಸೈಕಲ್ ಪಂದ್ಯಕ್ಕೆ ಹಚ್ಚಿದರು, ಗೆದ್ದು ಬಂದಳು. ಅಲ್ಲಿ ಅವಳನ್ನು ನೋಡಿದ ತಿಕೋಟಾ ಕಡೆಯ ಒಬ್ಬ ಕೋಚ್ ಸರ್ ನಮ್ಮ ಮನೆತನಕ ಬಂದು, ಹುಡುಗಿಯನ್ನು ವಿಜಯಪುರಕ್ಕೆ ಕಳಿಸಿರಿ, ನಾ ತಯಾರು ಮಾಡ್ತೀನಿ ಅಂದರು. ಒಬ್ಬಳನ್ನೇ ಹೇಗೆ ಬಿಡುವುದು? ನಮ್ಮ ಮನೆಯವರು ನಿಂಬಿ ತೋಟ ಬಿಟ್ಟು ಬರುವ ಹಾಗಿಲ್ಲ. ಅದಕ್ಕೆ ನಾನು ಬಂದೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಇದನ್ನೂ ವಲಸೆ ಅಂತಾಳಲ್ಲ ಇವಳು ಅಂತ ನಿಡೋಣಿಯ ನನ್ನ ಓಣಿಯವರು ನಗಬಹುದು. ನಕ್ಕರೆ ನಗಲಿ. ಮದುವೆಯಾಗಿ ತವರು ಬಿಟ್ಟಾಗಲೂ ನನಗೆ ಇಷ್ಟು ಪರದೇಶ ಅನಿಸಿರಲಿಲ್ಲ.

ನಮ್ಮಲ್ಲಿ ಬಾಗಿಲು ಮುಚ್ಚಿದರೆ ಮಂದಿ ಬಂದು ಏನಾತು ಅಂತ ಕೇಳುತ್ತಾರೆ. ಇಲ್ಲಿ ಬಾಗಿಲು ತೆರೆದಿಟ್ಟರೆ ಕೇಳುತ್ತಾರೆ. ಮುಂಜಾನೆ ಒಂಬತ್ತೂವರೆಯಾಯಿತೆಂದರೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಗಾಡಿ ಹತ್ತಿ ಹೋಗುತ್ತಾರೆ, ಓಣಿ ಬರಿದಾಗುತ್ತದೆ. ಆಮೇಲೆ ನಾನು, ಕೆಳಗಿನ ಮನೆಯ ಮಾಲಕಿ ಕಾಕು, ಮತ್ತೆ ಒಂದು ನಾಯಿ. ಕಾಕು ಅಂದರೆ ಚಿಕ್ಕಮ್ಮ. ಇಲ್ಲಿ ದೊಡ್ಡ ವಯಸ್ಸಿನ ಹೆಂಗಸರಿಗೆಲ್ಲ ಹಾಗೇ ಅನ್ನುವುದು. ಬಂದು ಮೂರನೇ ದಿನಕ್ಕೆ ಕಾಕು ಮೇಲೆ ಬಂದು, ಬಹಳ ಮರ್ಯಾದೆಯಿಂದಲೇ, ನಸುಕಿನ್ಯಾಗ ಮ್ಯಾಲಿಂದ ಏನೋ ಬಡದಂಗ ಕೇಳಸ್ತದಲ್ರಿ, ಏನದು ಅಂದರು. ರೊಟ್ಟಿ ಅಂದೆ. ಮಗಳು ಐದಕ್ಕೆ ಹೊರಡುತ್ತಾಳೆ, ಬುತ್ತಿ ಕಟ್ಟಬೇಕು. ಕಾಕು ರೊಟ್ಟಿಯನ್ನು ವಾರಕ್ಕೊಮ್ಮೆ ಕೊಂಡು ತರುತ್ತಾರಂತೆ, ಒಣಗಿದ ಕಟಕ್ ರೊಟ್ಟಿ, ಡಬ್ಬಿಯಲ್ಲಿ ಇಡುತ್ತಾರೆ. ನಾನು ಅಂದಿನಿಂದ ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆಯ ಕೆಳಗೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಹಾಕಿ ಬಡಿಯತೊಡಗಿದೆ. ಬಿಸಿ ರೊಟ್ಟಿಯ ವಾಸನೆಗೆ ಮಾತ್ರ ಕೌದಿ ಹಾಸಲು ಬರುವುದಿಲ್ಲವಲ್ಲ. ಹದಿನೈದು ದಿನದಲ್ಲಿ ಕಾಕು ತಾವೇ ತಾಟು ಹಿಡಿದು ಬಂದರು. ಈ ಊರಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಉಳಿದದ್ದೆಲ್ಲ ಅಂಜಿಕೆ. ಸುಳ್ಳು ಯಾಕೆ ಹೇಳಲಿ. ಭಾಗಿ ಹೊರಗೆ ಹೋದ ಮೇಲೆ ನನ್ನ ಕಿವಿ ರಸ್ತೆಗೇ ಹತ್ತಿರುತ್ತದೆ. ಎಲ್ಲಾದರೂ ಅಂಬುಲೆನ್ಸಿನ ಸಪ್ಪಳ ಕೇಳಿದರೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಲ್ಲುತ್ತೇನೆ. ಅದು ಯಾರ ಮನೆಯದೋ, ಎಲ್ಲಿಯದೋ. ಒಮ್ಮೆ ಫೋನ್ ಬಂದಾಗ ಎತ್ತಲು ಧೈರ್ಯ ಸಾಲದೆ ಕಾಕುವಿನ ಕೈಗೆ ಕೊಟ್ಟೆ. ಗ್ಯಾಸಿನವರ ಫೋನು ಅದು.

ಆ ಸೈಕಲ್ಲಿನ ಸಂಗತಿ ಹೇಳಬೇಕು. ಭಾಗಿಗೆ ಸರ್ ಎರಡು ಸೈಕಲ್ ಕೊಟ್ಟಿದ್ದಾರೆ. ಒಂದು ರಸ್ತೆಯದು, ಅದಕ್ಕೆ ಬ್ರೇಕ್ ಇದೆ. ಇನ್ನೊಂದು ವೆಲೋಡ್ರೋಮಿನದು. ವೆಲೋಡ್ರೋಮ್ ಅಂದರೆ ಸಿಮೆಂಟಿನ ದುಂಡನೆಯ ಓಟದ ದಾರಿ, ತಿರುವಿನಲ್ಲಿ ಗೋಡೆಯ ಹಾಗೆ ಏರಿ ನಿಂತಿರುತ್ತದೆ. ಅಲ್ಲಿ ಮಕ್ಕಳು ಮುಂದಿನವರ ಗಾಲಿಗೆ ತಮ್ಮ ಗಾಲಿ ಗೇಣು ಅಂತರದಲ್ಲಿ ಹಚ್ಚಿ ಹೋಗುತ್ತಾರೆ. ಇದಕ್ಕೆ ವ್ಹೀಲ್ ಹಿಡಿಯುವುದು ಅನ್ನುತ್ತಾರೆ. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಹಗುರವಂತೆ. ಗಾಲಿ ತಿರುಗುವ ತನಕ ಪೆಡಲೂ ತಿರುಗುತ್ತಲೇ ಇರುತ್ತದೆ, ಕಾಲಿಗೆ ಆರಾಮ ಇಲ್ಲ. ಆ ಏರಿನ ಮೇಲೆ ಸಾವಕಾಶ ಹೋದರೆ ಜಾರಿ ಬೀಳುತ್ತಾರೆ, ಜೋರಾಗಿ ಹೋದವರು ನಿಲ್ಲುತ್ತಾರೆ. ಮೊದಲ ಸಲ ನೋಡಿದಾಗ ನಾನು ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ.

ನಮ್ಮ ಮನೆಯಲ್ಲಿ ಕಲಿಸಿದ್ದು ಇದರ ಉಲ್ಟಾ. ಅಂಜಿಕೆ ಬಂದರೆ ನಿಂದ್ರು, ನಮಗೆ ಗೊತ್ತಿದ್ದದ್ದು ಅಷ್ಟೇ. ನಮ್ಮ ಅತ್ತೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಬಂದರೆ ಬದುವಿಗೆ ಇಳಿದು, ಅದು ಮರೆಯಾಗುವ ತನಕ ನಿಲ್ಲುತ್ತಿದ್ದರು. ನಾನೂ ಹಾಗೇ. ಭಾಗಿ ಬಬಲೇಶ್ವರಕ್ಕೆ ಹೊರಟ ಮೊದಲ ದಿನ ಅವಳ ತಲೆ ಮೇಲೆ ಕೈ ಇಟ್ಟು ಹೇಳಿದ್ದೆ, ಹಿಂದೆ ಗಾಡಿ ಸಪ್ಪಳ ಆತಂದ್ರ ಸೈಕಲ್ ಇಳದು ಬಾಜೂಕ ನಿಂದ್ರಬೇಕು, ಹೋದ ಮ್ಯಾಲೆ ಹತ್ತಬೇಕು. ಹೈಸ್ಕೂಲು ಮುಗಿಯುವ ತನಕ ಅವಳು ಹಾಗೇ ಮಾಡಿದಳು. ಹೇಳಿದ ಮಾತು ಕೇಳುವ ಹುಡುಗಿ ಅಂತ ಓಣಿಯಲ್ಲೆಲ್ಲ ಹೊಗಳಿಸಿಕೊಂಡಿದ್ದೆವು.

ಆ ಮಾತೇ ತಿಕೋಟಾ ರಸ್ತೆಯಲ್ಲಿ ಅವಳನ್ನು ಕೆಡವಿತು. ಐದಾರು ಹುಡುಗಿಯರು ಸಾಲಾಗಿ ಹೋಗುತ್ತಿದ್ದರಂತೆ, ಸರ್ ಮೋಟಾರ್ ಸೈಕಲ್ ಮೇಲೆ ಮುಂದಿದ್ದರು. ಹಿಂದೆ ಲಾರಿಯ ಹಾರ್ನ್ ಆಯಿತು. ಭಾಗಿಯ ಕೈ ತಾನೇ ಬ್ರೇಕ್ ಹಿಡಿಯಿತು. ಅವಳ ವ್ಹೀಲ್ ಹಿಡಿದಿದ್ದ ಹುಡುಗಿ ಬಂದು ಬಡಿದಳು, ಇಬ್ಬರೂ ಬಿದ್ದರು. ಲಾರಿ ಅವರ ಪಕ್ಕದಿಂದ ಹೋಯಿತು. ಭಾಗಿಯ ಮೊಳಕೈ, ಮೊಳಕಾಲಿನ ಚರ್ಮ ಕಿತ್ತು ಬಂದಿತ್ತು. ಆ ಹುಡುಗಿಯ ಹೆಗಲಿನ ಎಲುಬು ಮುರಿದಿತ್ತು. ದವಾಖಾನೆಯಲ್ಲಿ ಅವಳ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ, ಚಹಾ ಕುಡೀರಿ ಅಂದಳು. ಬೈದಿದ್ದರೆ ನಾನು ಬದುಕುತ್ತಿದ್ದೆ. ಲಾರಿ ಇನ್ನೊಂದು ಮೊಳ ಈ ಕಡೆ ಬಂದಿದ್ದರೆ ಅನ್ನುವುದನ್ನು ನಾನು ಇಂದಿಗೂ ಪೂರ್ತಿ ಯೋಚಿಸಿಲ್ಲ, ಅಷ್ಟಕ್ಕೇ ಬೇರೆ ಕೆಲಸ ಹಿಡಿಯುತ್ತೇನೆ.

ಸುದ್ದಿ ಕೇಳಿ ನಮ್ಮ ಮನೆಯವರು ಓಡಿ ಬಂದರು. ಮಗಳ ಪಟ್ಟಿ ನೋಡಿದರು. ಆಮೇಲೆ ಅವರ ಕಣ್ಣು ಗೋಡೆಗೆ ಆನಿಸಿದ್ದ ಸೈಕಲ್ ಮೇಲೆ ಬಿತ್ತು. ಬ್ರೇಕ್ ಇಲ್ಲ. ಹುಡುಗಿ ಬಿದ್ದದ್ದು ಇದಕ್ಕೇ ಅಂತ ಅವರಿಗೆ ಗಟ್ಟಿಯಾಯಿತು. ಬಿದ್ದದ್ದು ಬೇರೆ ಸೈಕಲ್ ಮೇಲೆ ಅಂತ ನಾನು ಹೇಳುವ ಮೊದಲೇ, ಮರುದಿನ ನಾನೂ ಭಾಗಿಯೂ ಡ್ರೆಸಿಂಗ್ ಮಾಡಿಸಲು ಹೋದಾಗ, ಅದನ್ನು ಆಟೋದಲ್ಲಿ ಹಾಕಿಕೊಂಡು ಜೋರಾಪುರ ಪೇಟೆಗೆ ಹೋಗಿದ್ದಾರೆ. ಅಲ್ಲಿ ಅವರ ಗುರುತಿನ ಸೈಕಲ್ ಅಂಗಡಿ ಇದೆ, ಹಾಲಿನವರ ಸೈಕಲ್ ರಿಪೇರಿ ಮಾಡುವಂಥದ್ದು. ನಾವು ಮನೆಗೆ ಬಂದಾಗ ಸೈಕಲ್ಲಿಗೆ ಕಬ್ಬಿಣದ ಪಟ್ಟಿ ಬಿಗಿದು, ದಪ್ಪನೆಯ ಕರೀ ಬ್ರೇಕ್ ಹಚ್ಚಿಸಿ ನಿಲ್ಲಿಸಿದ್ದರು. ಹಿಡಿದು ನೋಡು, ಎಂಥಾ ಗಟ್ಟಿ ಹಿಡಿತೈತಿ ಅಂತ ನನಗೆ ತೋರಿಸಿದರು. ನಿಜ ಹೇಳುತ್ತೇನೆ, ನನಗೆ ಜೀವ ಬಂದಂತಾಯಿತು.

ಭಾಗಿ ನೋಡಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸಂಜೆ ಅವಳನ್ನು ನೋಡಲು ಸರ್ ಬಂದಾಗ, ಅವರೇ ಹೇಳಲಿ ಅಂತ ಸೈಕಲ್ಲನ್ನು ಅವರ ಮುಂದೆ ತಂದು ನಿಲ್ಲಿಸಿದಳು. ಸರ್ ಬ್ರೇಕ್ ಮೇಲೆ ಕೈಯಾಡಿಸಿದರು. ನಮ್ಮ ಮನೆಯವರ ಪಕ್ಕ ನೆಲದ ಮೇಲೇ ಕುಳಿತುಕೊಂಡರು.

“ಅಣ್ಣಾರ, ನೀವು ಛಲೋ ಮನಸ್ಸಿಲೆ ಮಾಡೀರಿ,” ಅಂದರು. “ಆದ್ರ ಅಲ್ಲಿ ಒಬ್ಬಾಕಿ ಗಕ್ಕನ ನಿಂತ್ರ ಹಿಂದಿನವರೆಲ್ಲ ಆಕಿ ಮ್ಯಾಲ ಬೀಳ್ತಾರ್ರಿ. ಅದಕ್ಕ ಯಾರಿಗೂ ಬ್ರೇಕ್ ಕೊಟ್ಟಿರೂದಿಲ್ಲ. ಮುಂದಿನಾಕಿ ನಿಂದ್ರೂದಿಲ್ಲ ಅಂತ ಹಿಂದಿನಾಕಿ ನಂಬಿರ್ತಾಳ.”

ಭಾಗಿ ಪಾನಾ ತಂದು ತಾನೇ ಬೋಲ್ಟ್ ಸಡಿಲು ಮಾಡಿದಳು. ಮೊಳಕೈಗೆ ಪಟ್ಟಿ ಇದ್ದದ್ದರಿಂದ ಒಂದು ಬಿಗಿಯಾದದ್ದು ಬರಲಿಲ್ಲ, ಅದನ್ನು ನಮ್ಮ ಮನೆಯವರೇ ತಿರುವಿ ತೆಗೆದುಕೊಟ್ಟರು. ಸರ್ ಹೋದ ಮೇಲೆ ಅವರು ಹೇಳಿದ್ದು ಇಷ್ಟು: ಸಾಕು, ಊರಿಗೆ ಬರ್ರಿ. ನಂಗ ಇದು ತಿಳಿಯೂದಿಲ್ಲ. ಆದರೂ ಹೊರಡುವಾಗ ಮನಸ್ಸು ತಡೆಯದೆ, ನೀನ ಆಕಿ ಸಂಗಾಟ ಇರಾಕಿ, ನೀ ಏನಂತಿ ಅದು ಅಂತ ನನ್ನ ಕೊರಳಿಗೆ ಕಟ್ಟಿ ಬಸ್ ಹತ್ತಿದರು.

ಗಾಯ ಮಾಗಿತು. ಭಾಗಿ ಮತ್ತೆ ನಸುಕಿನಲ್ಲಿ ಹೋಗಿ ಬರತೊಡಗಿದಳು, ಆದರೆ ಬಂದವಳು ಊಟಕ್ಕೆ ಕುಳಿತರೆ ಕೈ ತಾಟಿನಲ್ಲೇ ನಿಲ್ಲುತ್ತಿತ್ತು. ಹಾರ್ನ್ ಕೇಳಿದರೆ ಇನ್ನೂ ಬೆರಳು ಎಳೀತಾವ ಅಂದಳು. ಹಿಂದಿರುವ ಹುಡುಗಿಯರು ಈಗ ಅವಳಿಂದ ಒಂದು ಮಾರು ದೂರವೇ ಇರುತ್ತಾರಂತೆ. ಯಾರೂ ಅವಳ ವ್ಹೀಲ್ ಹಿಡಿಯುವುದಿಲ್ಲ. ಬಿಟ್ಟುಬಿಡೋಣವೇನು ಅಂದೆ.

“ನೀ ಬ್ಯಾಡ ಅಂದ್ರ ಬಿಡ್ತೀನಿ ಬೇ,” ಅಂದಳು. “ಆದ್ರ ನಾ ಅಂಜಿ ಬಿಟ್ಟೆ ಅಂತ ಹೇಳಬ್ಯಾಡ. ನೀ ಅಂಜಿ ಬಿಡಿಸಿದಿ ಅಂತ ಹೇಳು.”

ನಾನು ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಷ್ಟು ಖಾರದ ಮಾತು ಆಡುವುದನ್ನು ಇವಳು ಎಲ್ಲಿ ಕಲಿತಳು? ನಿಡೋಣಿಯ ಭಾಗಿ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದಳು. ಆದರೂ ನನ್ನ ಮನಸ್ಸು ಗಟ್ಟಿಯಾಗಿತ್ತು. ಹೇಳಿದರೆ ಹೇಳುತ್ತೇನೆ, ನಾನೇ ಅಂಜಿ ಬಿಡಿಸಿದೆ ಅಂತ. ಮಗಳು ಜೀವಂತ ಇದ್ದು ನನ್ನ ಮೇಲೆ ಸಿಟ್ಟಾಗಲಿ. ರವಿವಾರ ಮುಂಜಾನೆ ಅವಳು ಹೋದ ಮೇಲೆ ಕಾಕುವಿಗೆ ಕೀಲಿ ಕೊಟ್ಟು, ಊರಿಗೆ ಹೋಗಿ ಮನೆಯವರಿಗೆ ಸಾಮಾನು ತರಲು ಬರ್ರಿ ಅಂತ ಹೇಳುವುದು ಅಂತ ಬಬಲೇಶ್ವರದ ಬಸ್ ಹತ್ತಿದೆ. ಕಿಡಕಿಯ ಪಕ್ಕ ಸೀಟು ಸಿಕ್ಕಿತು.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು, ನಮ್ಮ ಮುಂದೆ ರಸ್ತೆಯ ಅಂಚಿನಲ್ಲಿ ಸೈಕಲ್ಲುಗಳ ಸಾಲು. ಎದ್ದು ನಿಂತು ನೋಡಿದೆ. ಕೊನೆಯವಳ ಮುಂದೆ ಭಾಗಿ ಇದ್ದಳು. ಈ ದಿನ ಅವರು ಈ ರಸ್ತೆಗೆ ಬಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ನಾನು ಯಾವ ಗಾಡಿಗೆ ಅಂಜಿದೆನೋ ಅದರೊಳಗೇ ನಾನು ನಿಂತಿದ್ದೆ. ಡ್ರೈವರನಿಗೆ ಸಾವಕಾಶ ಅಂತ ಕೂಗಬೇಕೆಂದು ಮುಂದಿನ ಸೀಟಿನ ಕಂಬಿ ಹಿಡಿದೆ. ಇವರೇನು ರಸ್ತಾ ಖರೀದಿ ಮಾಡ್ಯಾರೇನು ಅಂತ ಕಂಡಕ್ಟರ್ ಬೈಯುತ್ತಿದ್ದ. ಮತ್ತೆ ಹಾರ್ನ್ ಆಯಿತು. ಅವಳ ಬೆರಳು ಬ್ರೇಕಿನ ಮೇಲೆ ಹೋದದ್ದು ಕಂಡಿತು. ಹಿಂದೆ ಒಬ್ಬ ಹುಡುಗಿ ಇದ್ದಳು, ಗೇಣು ಅಂತರದಲ್ಲಿ. ಯಾರೋ ಒಬ್ಬಳು ಮತ್ತೆ ಇವಳ ವ್ಹೀಲ್ ಹಿಡಿದಿದ್ದಳು.

ಬಸ್ಸು ಅವರ ಬಾಜೂಕ ಬಂತು. ಭಾಗಿಯ ಬೆರಳು ಬಿಚ್ಚಿಕೊಂಡವು. ಹ್ಯಾಂಡಲ್ ಗಟ್ಟಿ ಹಿಡಿದು, ತಲೆ ತಗ್ಗಿಸಿ, ಇನ್ನೂ ಜೋರಾಗಿ ತುಳಿದಳು. ಕಿಡಕಿಯಿಂದ ಕೈ ಚಾಚಿದ್ದರೆ ಅವಳ ಬೆನ್ನು ಮುಟ್ಟಬಹುದಿತ್ತು. ಮುಖದ ಮೇಲೆ ಅಂಜಿಕೆ ಬೇಕಾದಷ್ಟಿತ್ತು, ಅದನ್ನು ನಾನೇ ಕೊಟ್ಟದ್ದು, ನನಗೆ ಗುರುತು ಸಿಗದೆ ಇರುತ್ತದೆಯೇ? ಆದರೆ ಅವಳು ನಿಲ್ಲಲಿಲ್ಲ. ಹಿಂದಿನ ಹುಡುಗಿ ಬೀಳಲಿಲ್ಲ. ಬಸ್ಸು ಮುಂದೆ ಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತೆ. ಪಕ್ಕದ ಹೆಂಗಸು ಆರಾಮ ಇಲ್ಲೇನ್ರಿ ಅಂತ ನೀರಿನ ಬಾಟಲಿ ಕೊಟ್ಟಳು.

ನಿಡೋಣಿಯಲ್ಲಿ ನಮ್ಮ ಮನೆಯವರು ತೋಟದಿಂದ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ನನ್ನ ಮುಖ ನೋಡಿದವರೇ, ಟಂಟಂ ಗಾಡಿಯಾವಗ ಹೇಳಿಟ್ಟೇನಿ, ನಾಳೆ ಬಂದು ಸಾಮಾನಾ ತರತಾನ ಅಂದರು. ನಾನು ಚಹಾ ಮಾಡಿ ತಂದು ಕೊಟ್ಟೆ. ಸಕ್ಕರೆ ಡಬ್ಬಿ ಬೇರೆ ಕಡೆ ಇಟ್ಟಿದ್ದರು, ನನ್ನ ಮನೆಯಲ್ಲೇ ನಾನು ಹುಡುಕಿದೆ.

“ಬ್ಯಾಡ ಅಂತ ಹೇಳ್ರಿ ಅವಗ,” ಅಂದೆ. “ನಾವು ಅಲ್ಲೇ ಇರ್ತೇವಿ.”

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. “ನಿನಗ ಅಂಜಿಕಿ ಹೋತೇನು?”

“ಎಲ್ಲಿ ಹೋಗತೈತ್ರಿ ಅದು. ಅಲ್ಲೇ ಕುಂತು ಅಂಜತೀನಿ.”

ಬಸ್ಸಿನ ಮಾತು ನಾನು ಅವರಿಗೆ ಹೇಳಲಿಲ್ಲ, ಭಾಗಿಗೂ ಹೇಳಿಲ್ಲ. ಹಿತ್ತಲಿನ ಪಾತ್ರೆ ತೊಳೆದೆ, ಓಣಿಯವರು ಬಂದರು, ಕಟ್ಟೆ ತುಂಬಿತು, ಎಂದಿನಂತೆ ಬಾಯ್ತುಂಬ ಮಾತು. ಅವರ ಮಾತು ಕೇಳುತ್ತಲೇ ನಾನು ಗಡಿಯಾರ ನೋಡುತ್ತಿದ್ದೆ, ಭಾಗಿ ಊಟ ಮಾಡಿದಳೋ ಇಲ್ಲವೋ ಅಂತ. ಸಂಜೆ ನಮ್ಮ ಮನೆಯವರು ನಿಂಬಿಹಣ್ಣಿನ ಚೀಲ ಹೊತ್ತು ಬಸ್ಸಿನ ತನಕ ಬಂದರು. ತೋಟಕ್ಕೆ ಕರೆಂಟು ರಾತ್ರಿಯೇ ಬರುವುದು, ಪಂಪ್ ಚಾಲೂ ಮಾಡಲು ಬಾವಿಗೆ ಒಬ್ಬರೇ ಹೋಗುತ್ತಾರೆ, ದಾರಿಯ ತುಂಬ ಹುಲ್ಲು. ನಾನಿದ್ದಾಗ ಹಿಂದೆ ನಿಂತು ಬ್ಯಾಟರಿ ಹಿಡಿಯುತ್ತಿದ್ದೆ. ಹುಳ ಹುಪ್ಪಡಿ ಇರತಾವ, ನೋಡಿ ಕಾಲಿಡ್ರಿ ಅಂದೆ. ಹೂಂ, ಮುಟ್ಟಿದ ಮ್ಯಾಲೆ ಫೋನ್ ಮಾಡು ಅಂದರು. ಬಸ್ಸು ಹೊರಟಿತು. ಎಡಕ್ಕೆ ಕುಳಿತರೆ ಸೈಕಲ್ಲುಗಳು ಹೋಗುವ ರಸ್ತೆಯ ಅಂಚು ಕಾಣುತ್ತದೆ, ಬಲಕ್ಕೆ ಕುಳಿತರೆ ನಮ್ಮ ತೋಟ ಕಾಣುತ್ತದೆ. ಸೀಟು ಎರಡೂ ಕಡೆ ಖಾಲಿ ಇದ್ದವು. ನಾನು ನಡುವೆ ಕಂಬಿ ಹಿಡಿದು ನಿಂತುಕೊಂಡೇ ಬಂದೆ.