ಹಡಗಿನವನ ಬೀಳ್ಕೊಡುಗೆ

ಗಡಹಿಂಗ್ಲಜದ ಬಸ್ ನಿಲ್ದಾಣ. ಪಕ್ಕದಲ್ಲಿ ಕುಳಿತಿದ್ದ ಮಹಾವೀರ ಎಂಬಾತ ಪ್ರವಾಸಿ ಹಡಗಿನ ನೌಕರ, ರಜೆ ಮುಗಿಸಿ ಹೊರಟಿದ್ದ. ಕಳಿಸಲು ತಾಯಿ ಬಂದಿದ್ದರು. ಪ್ರಯಾಣಿಕರು ಯಾರಾದರೂ ಸಮುದ್ರಕ್ಕೆ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ದೋಣಿ, ಹಗ್ಗ ಎನ್ನುತ್ತಾನೆ ಎಂದುಕೊಂಡಿದ್ದೆ.

“ಕಂಡಾಂವ ಬಟ್ಟು ಮಾಡಿ ತೋರಿಸ್ಕೋತ ನಿಂದರಬೇಕ್ರಿ. ಅಷ್ಟ ಅವನ ಕೆಲಸ.”

“ಹಗ್ಗ ಒಗಿಯೂದು ಬಿಟ್ಟು ಬಟ್ಟು ಮಾಡೂದೇನೋ?” ತಾಯಿ ಗದರಿದರು.

“ಅದಕ್ಕ ಬ್ಯಾರೆ ಮಂದಿ ಇರ್ತಾರಬೇ ಯವ್ವಾ. ಇಂವ ಕಣ್ಣು ಅತ್ತಾಗ ಹೊಳ್ಳಿಸಿದ್ರ ಒಂದ ತೆರಿ ಸಾಕು, ಬಿದ್ದಾಂವ ಮತ್ತ ಕಾಣೂದಿಲ್ಲ.”

ನಾವಿಬ್ಬರೂ ಕೊಲ್ಹಾಪುರದ ಬಸ್ಸು ಹತ್ತಿದೆವು. ಕಿಟಕಿಯಿಂದ ಅವನು ಕೈ ಬೀಸಿದ. ತಾಯಿ ಬೀಸಲಿಲ್ಲ. ಬಸ್ಸು ರಸ್ತೆಗೆ ತಿರುಗುವವರೆಗೂ ಆ ಗದ್ದಲದ ನಡುವೆ ಮಗನತ್ತ ಬೆರಳು ಚಾಚಿ, ರೆಪ್ಪೆ ಬಡಿಯದೆ ನಿಂತಿದ್ದರು.